ನನ್ನ ಸ್ವೆಟರ್ ಕಂಡ ಡ್ರೆಸ್ಡೆನ್

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಹೋದ ತಿಂಗಳು ಕೊಚ್ಚಿಯಲ್ಲಿ, ವೈಟ್ಟಿಲದ ಮಗಳ ಮನೆಯಲ್ಲಿ, ಮೊಮ್ಮಗಳು ತಮ್ಮ ಜರ್ಮನಿ ಪ್ರವಾಸದ ಫೋಟೋಗಳನ್ನು ಟಿವಿಯಲ್ಲಿ ತೋರಿಸದಿದ್ದರೆ ಇನ್ನೂ ಮುಂದೂಡುತ್ತಿದ್ದೆನೇನೋ. ಊರು ಡ್ರೆಸ್ಡೆನ್, ಒಂದು ಕಾಲಕ್ಕೆ ರಾಜರು ಆಳಿದ ನಗರ. ಅರಮನೆ ಬಂತು. ಪಿಂಗಾಣಿ ಬಿಲ್ಲೆಗಳಲ್ಲಿ ಕುದುರೆ ಏರಿದ ರಾಜರ ಮೆರವಣಿಗೆಯನ್ನೇ ಮೂಡಿಸಿದ ಉದ್ದನೆಯ ಗೋಡೆ ಬಂತು.

"ಇಲ್ಲಿಂದ ನದಿ ಕಡೆ ಹೋದರೆ ಎತ್ತರದಲ್ಲಿ ಒಂದು ಓಡಾಡೋ ದಾರಿ ಇರಬೇಕಲ್ಲ?" ಎಂದೆ. ಮುಂದಿನ ಫೋಟೋ ಅದೇ.

"ತಾತ, ಪೋಯಿಟ್ಟುಂಡೋ?" ಹೋಗಿದ್ದೀಯಾ ಎಂದು ಮಲಯಾಳದಲ್ಲಿ ಕೇಳಿದಳು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಚಹಾದ ಲೋಟ ಎತ್ತಿಕೊಂಡೆ.

ನಾನು ಹೋಗಿರಲಿಲ್ಲ. ನನ್ನ ಸ್ವೆಟರ್ ಹೋಗಿತ್ತು.

ತಿರುವನಂತಪುರದ ಒಂದು ಸರ್ಕಾರಿ ಸಂಸ್ಥೆಯಲ್ಲಿ ನಾನೂ ಕುಂಬಳೆಯ ಕಡೆಯ ಒಬ್ಬ ಗೆಳೆಯನೂ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೆವು. ನನ್ನದು ಎಸ್ಸೆಸ್ಸೆಲ್ಸಿ. ಅವನು ಕೆಲಸ ಮಾಡುತ್ತಲೇ ಡಿಪ್ಲೊಮಾ ಮುಗಿಸಿಕೊಂಡಿದ್ದ. ಹೊಸ ಯಂತ್ರ ಕಲಿಯಲು ಒಬ್ಬರನ್ನು ಡ್ರೆಸ್ಡೆನ್ನಿಗೆ ಕಳಿಸುತ್ತಾರೆಂಬ ಸುದ್ದಿ ಬಂದಾಗ ನಾನೇ ಹೋಗುವುದೆಂದು ತೀರ್ಮಾನಿಸಿಬಿಟ್ಟೆ. ಮೈಸೂರಿನಲ್ಲಿ ಹುಟ್ಟಿ, ಅರಮನೆ ನೋಡುತ್ತಲೇ ಬೆಳೆದವನಿಗಲ್ಲದೆ ರಾಜರ ಊರು ಇನ್ಯಾರಿಗೆ? ಸ್ವೆಟರನ್ನೂ ಕೊಂಡೆ. ಆ ಸೆಕೆಯಲ್ಲಿ ಅದನ್ನು ತೊಟ್ಟು, ಕನ್ನಡಿಯ ಮುಂದೆ ಬೆವರುತ್ತ ನಿಂತಿದ್ದ ನನ್ನನ್ನು ನೀವು ನೋಡಬೇಕಿತ್ತು.

ಆಯ್ಕೆಯಾದದ್ದು ಅವನು. ಅದನ್ನಾದರೂ ಸಹಿಸುತ್ತಿದ್ದೆ. ಒಂದು ಸಂಜೆ ಮನೆಗೇ ಬಂದು, "ನಿನ್ನ ಹತ್ರ ಸ್ವೆಟರ್ ಉಂಟಂತಲ್ಲ ಮಾರಾಯ, ಕೊಡ್ತೀಯಾ? ಅಲ್ಲಿ ಭಾರೀ ಚಳಿ ಅಂತೆ" ಎಂದ. ಕೊಟ್ಟೆ. ನಗುನಗುತ್ತಲೇ ಕೊಟ್ಟೆ.

ಅವನು ಮರಳಿದ ಮೇಲೆ, ಊರಿನ ಕನ್ನಡದವರೆಲ್ಲ ಸೇರುವ ರಾಜ್ಯೋತ್ಸವದ ಸಂಜೆ ಅವನ ಸ್ಲೈಡ್ ಪ್ರದರ್ಶನ ಏರ್ಪಾಡಾಯಿತು. ಪ್ರೊಜೆಕ್ಟರ್ ನನ್ನ ಪಾಲಿಗೆ. ಸ್ಲೈಡುಗಳನ್ನು ಜೋಡಿಸುವಾಗ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ನಾನು ಡ್ರೆಸ್ಡೆನ್ ಕಂಡದ್ದು ಹಾಗೆ, ಬೆರಳುಗಳ ನಡುವೆ. ಎಲ್ಲವೂ ಅವನೇ ತೆಗೆದವು, ಹಾಗಾಗಿ ಅವನು ಯಾವುದರಲ್ಲೂ ಇರಲಿಲ್ಲ. ಒಂದರಲ್ಲಿ ಮಾತ್ರ ಇದ್ದ. ಯುದ್ಧದಲ್ಲಿ ಬಿದ್ದ ದೊಡ್ಡ ಚರ್ಚಿನ ಕಲ್ಲುರಾಶಿಯ ಮುಂದೆ, ನನ್ನ ಸ್ವೆಟರ್ ತೊಟ್ಟು, ಕೈಕಟ್ಟಿ ನಿಂತಿದ್ದ. ಅದು ನನಗಿಂತ ಅವನಿಗೇ ಚೆನ್ನಾಗಿ ಒಪ್ಪಿತ್ತು. ಆ ಸ್ಲೈಡನ್ನು ಜೇಬಿಗಿಳಿಸಿದೆ.

ಸಂಜೆ ಬರಿಯ ಕಲ್ಲುರಾಶಿಯ ಚಿತ್ರವೊಂದು ಪರದೆಗೆ ಬಂತು. "ಇದು ಚರ್ಚ್ ಆಗಿತ್ತು. ಕಲ್ಲುಗಳನ್ನು ಹಾಗೇ ಇಟ್ಟಿದ್ದಾರೆ" ಎಂದು ಅವನು ಮೆಲ್ಲಗೆ ಹೇಳಿದ.

"ಕಲ್ಲು ನೋಡೋಕೆ ಜರ್ಮನಿ ಯಾಕಪ್ಪಾ? ವಿಳಿಂಜಂಗೆ ಬಸ್ ಇಲ್ವಾ?" ಎಂದೆ, ಪ್ರೊಜೆಕ್ಟರಿನ ಹಿಂದಿನಿಂದ. ವಿಳಿಂಜಂ ಅಂದರೆ ತಿರುವನಂತಪುರದ ಪಕ್ಕದಲ್ಲೇ ಇರುವ, ಬಂಡೆಗಳ ಕಡಲತೀರ. ಸಭೆ ನಕ್ಕಿತು. ಆ ನಗು ನನಗೆ ಸಾಲಲಿಲ್ಲ. "ಇಷ್ಟು ಚಿತ್ರದಲ್ಲಿ ನೀನೆಲ್ಲೋ? ಅಂಗಡೀಲಿ ಕೊಂಡ್ಕೊಂಡು ಬಂದ್ಯಾ?"

"ಒಂದರಲ್ಲಿ ನಾನಿದ್ದೇನೆ. ಈಗ ಬರ್ತದೆ."

ಬರಲಿಲ್ಲ. ದೀಪ ಹಾಕಿದರು. ಅವನು ನನ್ನ ಕಡೆ ತಿರುಗಿದ. "ನೀನೇ ಅಲ್ವಾ ಜೋಡಿಸಿದ್ದು? ಹೇಳು ಮಾರಾಯ, ಇತ್ತಲ್ಲ?"

"ನಾನು ನೋಡ್ಲಿಲ್ಲಪ್ಪ."

ಅಂದಿನಿಂದ ಅವನಿಗೆ 'ವಿಳಿಂಜಂ ಜರ್ಮನಿ' ಎಂಬ ಹೆಸರು ಬಿತ್ತು. ಅವನ ಹೆಂಡತಿಯ ಎದುರಿಗೂ ಜನ ಹಾಗೆಯೇ ಕರೆದರು. ಪರದೇಶದ ಮಾತೆದ್ದರೆ ಅವನು ಎದ್ದು ಹೋಗುತ್ತಿದ್ದ. ಸ್ವೆಟರನ್ನು ಒಗೆದು, ಇಸ್ತ್ರಿ ಮಾಡಿಸಿ ಹಿಂದಿರುಗಿಸಿದ. ನಾನು ಸ್ಲೈಡನ್ನು ಹಿತ್ತಲಲ್ಲಿ ತೆಂಗಿನ ಗರಿಯ ಜೊತೆ ಸುಟ್ಟೆ. ಮತ್ತೆ ಎಷ್ಟೋ ವರ್ಷ ಅಕ್ಕಪಕ್ಕದಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದೆವು. ಒಂದು ಮಾತು ಹೇಳಲು ಎಷ್ಟು ಮಧ್ಯಾಹ್ನಗಳಿದ್ದವು! ನಿವೃತ್ತನಾಗಿ ಊರಿಗೆ ಹೋದ. ಅಲ್ಲಿಯೇ ತೀರಿಕೊಂಡನೆಂದು ಯಾರೋ ಹೇಳಿದರು.

ಟಿವಿಯಲ್ಲಿ ಈಗ ಆ ಚರ್ಚು ಎದ್ದು ನಿಂತಿತ್ತು. ಬಿಳಿಯ ಹೊಸ ಕಲ್ಲುಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲುಗಳು. "ಆ ಕಪ್ಪು ಹಳೇದು" ಎಂದಳು ಮಗಳು.

"ನಾನು ಹೋಗಿಲ್ಲ ಪುಟ್ಟಿ" ಎಂದೆ ಮೊಮ್ಮಗಳಿಗೆ. "ಇದು ರಾಶಿಯಾಗಿ ಬಿದ್ದಿದ್ದಾಗ ಇದರ ಮುಂದೆ ಒಬ್ಬ ನಿಂತಿದ್ದ. ಫೋಟೋ ಇತ್ತು. ನಾನು ನೋಡಿದ್ದೆ."

"ಆರಾ?" ಎಂದಳು ಅವಳು, ಯಾರೆಂದು.

"ವಾಸುದೇವ ಹೊಳ್ಳ."