ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಕಡಲಪಾಚಿ

ಮಂಗಳೂರಿನಿಂದ ಕೇರಳ ಸುತ್ತಿಕೊಂಡು ಬಂದ ರೈಲಿನಿಂದ ಕಂಟೋನ್ಮೆಂಟಿನಲ್ಲಿ ಇಳಿದೆವು. ನನ್ನ ತಂಗಿ ಸುಮಾಳ ಚೀಲದ ತುಂಬ ಒಣಗಿಸಿದ ಕಡಲಪಾಚಿ. ಸಮುದ್ರದ ನೀರಿಗೆ ವಿಕಿರಣ ವಸ್ತು ಸೇರಿದ್ದರೆ ಪಾಚಿ ಅದನ್ನು ಹೀರಿಟ್ಟುಕೊಳ್ಳುತ್ತದಂತೆ. ಪ್ರಯೋಗಾಲಯದಲ್ಲಿ ಅಳೆದರೆ ಕಡಲು ಕೆಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ.

ವಾಸನೆ ಹಿಡಿದು ಪೊಲೀಸ್ ಪೇದೆಯೊಬ್ಬರು ತಡೆದರು. “ಏನಮ್ಮಾ, ಒಣಮೀನಾ?”

“ಪಾಚಿ ಸಾರ್, ರೇಡಿಯೇಷನ್ ನೋಡೋಕೆ,” ಎಂದು ನಾನೇ ಬಾಯಿಬಿಟ್ಟೆ. ಸುತ್ತಲಿದ್ದವರೆಲ್ಲ ಹಿಂದೆ ಸರಿದರು.

“ಹಂಗಾದ್ರೆ ಬಿಡಂಗಿಲ್ಲ, ಎಸೆಸ್ಬಿಡ್ತೀನಿ,” ಎಂದು ಪೇದೆ ಚೀಲ ಕಸಿದು ಕಲ್ಲುಬೆಂಚಿನ ಮೇಲೆ ಕುಳಿತರು. ಅದು ಸುಮಾಳ ಇಡೀ ವರ್ಷದ ಕೆಲಸ.

ಅವಳು ಜೇಬಿನಿಂದ ವಿಕಿರಣ ಅಳೆಯುವ ಪುಟ್ಟ ಯಂತ್ರ ತೆಗೆದು ಚೀಲಕ್ಕೆ ಹಿಡಿದಳು. ಆಗೊಂದು ಈಗೊಂದು ಟಿಕ್ ಕೇಳಿಸಿತು. ಬೆಂಚಿಗೆ ಹಿಡಿದಳು. ಟಿಕ್ ಟಿಕ್ ಟಿಕ್! ಪೇದೆ ದಡಕ್ಕನೆ ಎದ್ದರು.

“ಹೆದರ್ಬೇಡಿ ಸಾರ್, ಗ್ರಾನೈಟ್ ಕಲ್ಲಲ್ಲಿ ಇಷ್ಟು ಇದ್ದೇ ಇರುತ್ತೆ. ಏನೂ ಆಗಲ್ಲ. ಪಾಚಿಲಿ ಅಷ್ಟೂ ಇಲ್ಲ.”

“ಫಸ್ಟು ಬೆಂಚ್‌ನ ಅರೆಸ್ಟ್ ಮಾಡು ಸಾಮಿ!” ಎಂದಳು ಹೂವಿನ ಬುಟ್ಟಿಯ ಮುದುಕಿ. ಪ್ಲಾಟ್‌ಫಾರ್ಮೇ ನಕ್ಕಿತು.

ಪೇದೆಯೂ ನಕ್ಕು ಚೀಲವನ್ನು ತಾವೇ ಸುಮಾಳ ಹೆಗಲಿಗೇರಿಸಿದರು. ಒಂದೆಳೆ ಪಾಚಿಯೂ ಕಳೆಯದೆ, ಗೆದ್ದವರ ಹಾಗೆ ಆಟೋ ಹತ್ತಿದೆವು.