ಬೆನ್ನು ತಿರುಗಿಸಿ ಕೂತ ಪ್ರೊಪೆಲ್ಲರ್

ನಿವೃತ್ತ ವಾಯುಪಡೆಯವರ ಸಂಘದಲ್ಲಿ ನಲವತ್ತೊಂದು ಸದಸ್ಯರು. ಹಾರಿದವರು ಆರೇ ಮಂದಿ. ಆದರೆ ಒಂದು ಕಾಲದಲ್ಲಿ ಎಲ್ಲರೂ ಕೆಲಸ ಮಾಡಿದ ಸಾಗರದಾಚೆಯ ವಿಮಾನ ನೆಲೆಯ ಮಾತು ಬಂದರೆ ಸಾಕು, ಒಬ್ಬನೂ ಮೋಡದಿಂದ ಕೆಳಗಿಳಿಯುವುದಿಲ್ಲ. ಕಾರ್ಯದರ್ಶಿಯಂತೂ ಅಲ್ಲಿ ಮೂರು ವರ್ಷ ಉಗ್ರಾಣದಲ್ಲಿ ಕಂಬಳಿ ಮಡಚಿದ ವೀರ. ಈಗ ಬಾಯಿ ತೆರೆದರೆ "ನಾವು ಮೇಲಿದ್ದಾಗ" ಅಂತಲೇ ಶುರು.

ಈ ಬಡಾಯಿಯ ಸಂತೆಯಲ್ಲಿ ಸುಮ್ಮನೆ ಕೂರುತ್ತಿದ್ದವನು ಸ್ಪ್ಯಾನರ್ ಅಜ್ಜ. ಅಲ್ಲಿ ವಿಮಾನದ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ ಫಿಟ್ಟರ್. ವಾಪಸು ಬಂದು ಬೀದಿಯ ತಿರುವಿನಲ್ಲಿ ನೀರಿನ ಪಂಪು ರಿಪೇರಿ ಅಂಗಡಿ ಇಟ್ಟ. ಉಗುರಿನ ಸಂದಿಯ ಗ್ರೀಸು ಇಂದಿಗೂ ಹೋಗಿಲ್ಲ. ಅವನು ಸಭೆಗೆ ಹೋಗುತ್ತಿದ್ದುದು ಅಲ್ಲಿಯ ಮೆತ್ತಗಾದ ಬಿಸ್ಕತ್ತಿಗಲ್ಲ, ಯಾರಾದರೂ ಒಮ್ಮೆ ಕುಳ್ಳನ ಹೆಸರೆತ್ತಿಯಾರು ಎಂದು.

ಕುಳ್ಳ ಆ ನೆಲೆಯಲ್ಲಿ ಅವನ ಜೊತೆಗಾರ ಫಿಟ್ಟರ್. ಆ ಕಾಲದ ಪುಟ್ಟ ವಿಮಾನಗಳನ್ನು ಚಾಲೂ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಬೇಕಿತ್ತು. ಫಿಟ್ಟರ್ ಮುಂದೆ ನಿಂತು "ಸ್ವಿಚ್ ಆಫ್?" ಎಂದು ಕೂಗಬೇಕು. ಪೈಲಟ್ ಸ್ವಿಚ್ ನೋಡಿ "ಆಫ್" ಎಂದು ಮರುಕೂಗಬೇಕು. ಆಮೇಲೇ ಅಲಗಿಗೆ ಕೈ. ಆ ಬೆಳಿಗ್ಗೆ ಪೈಲಟ್ ಕೈಗವಸು ಏರಿಸಿಕೊಳ್ಳುತ್ತ, ನೋಡದೆಯೇ "ಆಫ್" ಅಂದ. ಸ್ವಿಚ್ ಆನ್ ಇತ್ತು. ಕುಳ್ಳ ತಿರುಗಿಸಿದೊಡನೆ ಎಂಜಿನ್ ಹತ್ತಿಕೊಂಡು ಅಲಗು ಅವನನ್ನೇ ಹೊಡೆದು ಕೊಂದಿತು. ಕುಳ್ಳನಿಗೆ ಇಪ್ಪತ್ಮೂರು ವರ್ಷ.

ಆ ಪೈಲಟ್ಟೇ ಈಗ ಸಂಘದ ಅಧ್ಯಕ್ಷ.

ಈ ವರ್ಷ ಸಂಘದ ಅಂಗಳದಲ್ಲಿ ಸ್ಮಾರಕ ಎದ್ದಿತು. ಗುಜರಿಯಿಂದ ತಂದು ಬಣ್ಣ ಬಳಿದ ಅದೇ ಜಾತಿಯ ವಿಮಾನ, ಪಕ್ಕದಲ್ಲಿ ಕಲ್ಲು, ಕಲ್ಲಿನ ಮೇಲೆ ಅಲ್ಲಿ ತೀರಿಕೊಂಡ ಹನ್ನೊಂದು ಜನರ ಹೆಸರು. ಕುಳ್ಳನ ಹೆಸರಿಲ್ಲ.

"ಅವನು ಕಾದಾಟದಲ್ಲಿ ಸತ್ತವನಲ್ಲ ಕಣಯ್ಯ," ಅಂದ ಕಾರ್ಯದರ್ಶಿ. "ಕಲ್ಲಲ್ಲಿ ಜಾಗಾನೂ ಇಲ್ಲ."

"ಇದರಲ್ಲೊಬ್ಬ ಕಾಮಾಲೆ ಬಂದು ಸತ್ತ. ಅವನು ಯಾರ ಜೊತೆ ಕಾದಾಡಿದ್ದು?"

"ಅವನು ಆಫೀಸರ್!"

ಮನೆಗೆ ಬಂದು ಗೊಣಗಿದರೆ ಹೆಂಡತಿ ತಟ್ಟೆ ಕುಕ್ಕಿದಳು. "ಕೆಟ್ಟ ಪಂಪಿಗೆ ದಿನಾ ಬೈತೀರಲ್ರೀ, ಅದರಲ್ಲಿ ಅರ್ಧ ಆ ಅಧ್ಯಕ್ಷನಿಗೆ ಬೈದಿದ್ರೆ ಎಂದೋ ಕೆಲಸ ಆಗ್ತಿತ್ತು."

ಅನಾವರಣದ ಹಿಂದಿನ ದಿನ ಅಜ್ಜ ಬೈಯಲೆಂದೇ ಹೋದ. ವಿಮಾನ ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಪ್ರೊಪೆಲ್ಲರ್ ಕೂರಿಸಿದ ಪುಣ್ಯಾತ್ಮ ಯಾರು?"

"ನಾನೇ ನಿಂತು ಮಾಡಿಸಿದ್ದು," ಅಧ್ಯಕ್ಷ ಎದೆಯುಬ್ಬಿಸಿದ.

"ಅಲಗಿನ ಉಬ್ಬಿದ ಮೈ ಮುಂದಕ್ಕಿರಬೇಕು ಸಾಹೇಬ್ರೆ, ಚಪ್ಪಟೆ ಮೈ ಪೈಲಟ್ ಕಡೆಗೆ. ಇದು ಅಂಗಿ ಹಿಂದುಮುಂದಾಗಿ ತೊಟ್ಟ ಹಾಗಿದೆ. ನಾಳೆ ಬರೋ ಅತಿಥಿ ನಿಜವಾಗಿ ಹಾರಿದವರು ತಾನೆ?"

ಆರು ಪೈಲಟ್‌ಗಳು ವಾರವಿಡೀ ಅದರ ಮುಂದೆ ನಿಂತು ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಂಡಿದ್ದರು. ಒಬ್ಬನಿಗೂ ಕಣ್ಣಿರಲಿಲ್ಲ. ಬಿಚ್ಚಲು ಹೋದರೆ ಯಾವ ನಟ್ಟು ಯಾವ ಕಡೆಗೆಂದೂ ಗೊತ್ತಿಲ್ಲ.

"ಬೇಗ ಸರಿ ಮಾಡಪ್ಪ, ಮಾನ ಹೋಗುತ್ತೆ," ಕಾರ್ಯದರ್ಶಿ ಕೈ ಹಿಸುಕಿಕೊಂಡ.

"ಮೊದಲು ಕುಳ್ಳ. ಸ್ಪ್ಯಾನರ್ ಆಮೇಲೆ."

ಜಾಗವಿಲ್ಲದ ಕಲ್ಲಿಗೆ ಮಧ್ಯಾಹ್ನದೊಳಗೆ ಜಾಗ ಹುಟ್ಟಿತು. ಹೆಸರು ಕೆತ್ತಿದ ಕಲ್ಲುಕುಟಿಗ ಮುಂದೇನು ಹಾಕಲೆಂದು ಕೇಳಿದ.

"ವೀರಮರಣ ಅಂತ ಹಾಕಿಬಿಡು," ಅಂದ ಕಾರ್ಯದರ್ಶಿ. ಧಾರಾಳಿ!

"ಸತ್ತವನ ತಲೆಗೂ ನಿನ್ನ ಸುಳ್ಳು ಕಟ್ಟಬೇಡ," ಅಂದ ಅಜ್ಜ. "ಫಿಟ್ಟರ್ ಅಂತ ಹಾಕಪ್ಪ, ಸಾಕು."

ಉಳಿ ನಿಂತ ಮೇಲೆಯೇ ಅವನು ನಟ್ಟಿಗೆ ಕೈಹಾಕಿದ್ದು. ಪ್ರೊಪೆಲ್ಲರ್ ಇಳಿಸಿ, ಮಗ್ಗುಲು ಬದಲಿಸಿ, ಬಿಗಿದ. ಅಷ್ಟರಲ್ಲಿ ಅಧ್ಯಕ್ಷ ನಾಳೆಯ ಸೆಲ್ಯೂಟಿನ ತಾಲೀಮಿಗೆಂದು, ಇಬ್ಬರು ಹಿಂದಿನಿಂದ ನೂಕಿದ ಮೇಲೆ, ಪೈಲಟ್ ಸೀಟಿನಲ್ಲಿ ಕುಕ್ಕರಿಸಿದ್ದ.

ಅಜ್ಜ ಮುಂದೆ ಬಂದು ಕಾಲು ಅಗಲಿಸಿ ನಿಂತ.

"ಸ್ವಿಚ್ ಆಫ್?"

ಆ ವಿಮಾನದಲ್ಲಿ ಎಂಜಿನ್ನೇ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಅಧ್ಯಕ್ಷನ ಕುತ್ತಿಗೆ ನಿಧಾನವಾಗಿ ಬಗ್ಗಿತು. ಕನ್ನಡಕ ಸರಿಮಾಡಿಕೊಂಡು ಸ್ವಿಚ್ ಹುಡುಕಿ, ಬೆರಳಿಟ್ಟು ನೋಡಿದ.

"ಆಫ್," ಅಂದ.

"ಆವತ್ತೂ ಇಷ್ಟೇ ಕೆಲಸ ಇದ್ದದ್ದು ಸಾಹೇಬ್ರೆ," ಅಂದ ಅಜ್ಜ, ಅಲಗಿಗೆ ಕೈಹಾಕುತ್ತ.