ಸವೆದ ಎಡಮುರಿ

ಸತ್ತವರು ಬಂದರು, ಏನೋ ಕಂಡಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು ನಾನು. ಸ್ಟಾಫ್ ರೂಮಿನಲ್ಲಿ ಇಂಥ ಕಥೆ ಶುರುವಾದರೆ ‘ಸಾಕು ಬಿಡ್ರೀ’ ಎಂದು ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನಗುವವರು ನಗಲಿ.

ಎಡಮುರಿ ನಿಮಗೆ ಗೊತ್ತಿರಬಹುದು. ಹುರಿ ಹೊಸೆದಂತೆ ತಿರುಚಿಕೊಂಡಿರುವ, ಬೆರಳುದ್ದದ ಒಣ ಕಾಯಿ. ಎಳೆಮಕ್ಕಳಿಗೆ ಹೊಟ್ಟೆನೋವು ಬಂದರೆ ಹರಳೆಣ್ಣೆ ಬಿಟ್ಟು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಾರೆ. ನನ್ನ ತವರು ಮಾದಿಹಳ್ಳಿಯಲ್ಲಿ ನಮ್ಮಮ್ಮನ ಹತ್ತಿರ ಒಂದಿತ್ತು, ಸ್ವಲ್ಪ ಡೊಂಕು. ನನಗೂ ನನ್ನ ತಮ್ಮನಿಗೂ, ಆಮೇಲೆ ನನ್ನ ಮಗಳಿಗೂ ಅದೇ ಕಾಯಿ. ಅಮ್ಮ ಎಡಚಿ. ತೇಯ್ದು ತೇಯ್ದು ಅದರ ತುದಿ ಒಂದೇ ಕಡೆಗೆ ಓರೆಯಾಗಿ ಸವೆದಿತ್ತು. ‘ಮಗೀಗೆ ಕೊಡೋದ್ನ ಎಡಗೈಲಿ ತೇಯ್ತೀಯಲ್ಲೇ’ ಎಂದು ಅಜ್ಜಿ ಬೈದರೆ ಅಮ್ಮ ನಗುತ್ತಾ ಇನ್ನೂ ಜೋರಾಗಿ ತೇಯುತ್ತಿದ್ದಳು.

ಅಮ್ಮ ತೀರಿಕೊಂಡ ವರ್ಷವೇ ನನ್ನ ಮಗಳು ಹೆತ್ತಳು. ಎಡಮುರಿ ಕೇಳಿಕೊಂಡು ಮಾದಿಹಳ್ಳಿಗೆ ಹೋದೆ. ತೇಯುವ ಕಲ್ಲು ಸಿಕ್ಕಿತು. ತಮ್ಮನ ಹೆಂಡತಿ ಮುಖ ಸಣ್ಣದು ಮಾಡಿಕೊಂಡು, ‘ಯಾವ್ದೋ ಹಳೇ ಹಗ್ಗದ ತುಂಡು ಅಂದ್ಕಂಡು ನೀರೊಲೆಗೆ ಹಾಕ್ಬುಟ್ಟೆ ಕಣಕ್ಕ’ ಎಂದಳು. ಗೊತ್ತಿಲ್ಲದೆ ಆದದ್ದು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಾ ಬಂದೆ. ಅಮ್ಮನ ಕೈಗುರುತು ಉಳಿದಿದ್ದದ್ದು ಆ ಕಾಯಿಯಲ್ಲಿ. ಅಂಗಡಿಯಲ್ಲಿ ಬೇರೆ ಸಿಗುತ್ತಿತ್ತು, ಕೊಳ್ಳಲು ಮನಸ್ಸು ಬರಲಿಲ್ಲ.

ಮಗುವಿನ ಹೆಸರಿನಲ್ಲಿ ಪೂಜೆ ಮಾಡಿಸಲು ಒಂದು ಮಧ್ಯಾಹ್ನ ನಾನೂ ನಮ್ಮ ಯಜಮಾನರೂ ಮಾಲೇಕಲ್ಲಿನ ಬೆಟ್ಟದ ದೇವಸ್ಥಾನಕ್ಕೆ ಹೋದೆವು. ಬೆಟ್ಟ ಇಳಿಯುವಾಗ ಸುಧಾರಿಸಿಕೊಳ್ಳಲು ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲೇ ಒರಟು ಎಲೆಯ, ಅಲ್ಲೊಂದು ಇಲ್ಲೊಂದು ಕೆಂಪು ಹೂವಿದ್ದ ಪೊದೆ. ಯಾವ ಗಿಡವೋ ತಿಳಿಯಲಿಲ್ಲ. ಕೊಂಬೆ ಸರಿಸಿದರೆ ಒಳಗೆಲ್ಲ ತಿರುಚಿದ ಕಾಯಿ! ಹುಟ್ಟಿದಾಗಿನಿಂದ ಕಾಯಿ ಕಂಡವಳು ಗಿಡ ಕಂಡದ್ದು ಅವತ್ತೇ. ಖುಷಿಗೆ ‘ಎಡಮುರಿ ಕಣ್ರೀ!’ ಎಂದು ಕೂಗಿದೆ.

ಅವರು ಬಗ್ಗಿ ನೋಡಿ, ಒಂದು ಕಾಯಿ ಮುಟ್ಟಿ, ‘ಇದನ್ನ ಯಾರೋ ಆಗಲೇ ತೇಯ್ದಿದಾರಲ್ಲೇ’ ಎಂದರು.

ಅದು ಸ್ವಲ್ಪ ಡೊಂಕಾಗಿತ್ತು. ತೊಟ್ಟು ಗಟ್ಟಿಯಾಗಿ ಕೊಂಬೆಗೆ ಅಂಟಿಕೊಂಡೇ ಇತ್ತು. ತುದಿ ಮಾತ್ರ ಓರೆಯಾಗಿ, ನುಣ್ಣಗೆ ಸವೆದಿತ್ತು. ಮಿಕ್ಕವೆಲ್ಲ ಚೂಪಾಗಿದ್ದವು. ಗಾಳಿಗೆ ಬಂಡೆಗೆ ಉಜ್ಜಿರಬೇಕೆಂದು ನೋಡಿದೆ. ಅದು ತೂಗುತ್ತಿದ್ದ ಕಡೆ ಕಲ್ಲೇ ಇರಲಿಲ್ಲ. ಹುಳು ತಿಂದರೆ ಹಾಗೆ ನುಣುಪಾಗುವುದಿಲ್ಲ. ಮೂಸಿದೆ. ನನಗೆ ಹರಳೆಣ್ಣೆಯ ವಾಸನೆ ಬಂತು. ಅವರಿಗೆ ಬರಲಿಲ್ಲ.

ಕಿತ್ತು ಮನೆಗೆ ತಂದೆ. ಸಂಜೆ ಮಗು ಕಾಲು ಮಡಚಿಕೊಂಡು ಕಿರುಚತೊಡಗಿದಾಗ ಅಮ್ಮನ ಕಲ್ಲಿಗೆ ಎಣ್ಣೆ ಬಿಟ್ಟು ತೇಯಲು ಕೂತೆ. ಬಲಗೈಯಲ್ಲಿ ಹೇಗೆ ಹಿಡಿದರೂ ಜಾರುತ್ತಿತ್ತು. ಸುಮ್ಮನೆ ಎಡಗೈಗೆ ಬದಲಾಯಿಸಿದೆ. ಆ ಓರೆ ಕಲ್ಲಿನ ಮೇಲೆ ಸರಿಯಾಗಿ ಕೂತಿತು. ಎಂದೂ ಇಂಥ ಕೆಲಸ ಮಾಡದ ನನ್ನ ಎಡಗೈ ತಾನಾಗಿಯೇ ಆಡತೊಡಗಿತು. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ ಅನ್ನಿಸಿತು. ತಲೆಯೆತ್ತಲಿಲ್ಲ. ಹೆದರಿಕೆಯಿಂದಲ್ಲ, ನೋಡಿದರೆ ಇರುವುದಿಲ್ಲವಲ್ಲ ಎಂದು.

ಇದಕ್ಕೇನು ಅರ್ಥ ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹೋಗಿ ನೋಡಿದ್ದೇನೆ. ಪೊದೆ ಅಲ್ಲೇ ಇದೆ, ಕಾಯಿಗಳೂ ಇವೆ, ಎಲ್ಲ ಚೂಪು. ಮೊಮ್ಮಗು ಈಗ ಮನೆಯೆಲ್ಲ ಓಡಾಡುತ್ತದೆ, ಅದಕ್ಕೆ ಎಡಮುರಿ ಬೇಕಿಲ್ಲ. ಅಮ್ಮನ ನೆನಪು ತಡೆಯಲಾಗದಾಗ ನಾನು ಕಲ್ಲು ತೆಗೆದು, ಎಡಗೈಯಲ್ಲಿ ಕಾಯಿ ಹಿಡಿದು ಕೂರುತ್ತೇನೆ. ಒಂದು ಸಲ ತೇಯೋಣ ಅನ್ನಿಸುತ್ತದೆ. ತೇಯ್ದರೆ ಅಷ್ಟು ಸವೆಯುತ್ತದೆ. ಹಾಗೇ ಎತ್ತಿಡುತ್ತೇನೆ.